ಮಿರರ್ ಸರ್ವರ್ ಉದ್ಘಾಟಿಸುವ ಮುನ್ನ: ಇಂಜಿನಿಯರಿಂಗ್ ಕಾಲೇಜುಗಳಿಗೆ ಒಂದು ಬಹಿರಂಗ ಪತ್ರ

ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳ ಪ್ರಾಂಶುಪಾಲರಿಗೆ, ಕಂಪ್ಯೂಟರ್ ಸೈನ್ಸ್ ವಿಭಾಗದ ಎಚ್‌ಒಡಿಗಳಿಗೆ ಮತ್ತು ಸರ್ವರ್ ರೂಮಿನ ಕೀಲಿ ಇಟ್ಟುಕೊಂಡಿರುವವರಿಗೆ,

ಮಾನ್ಯರೇ, ನಮಸ್ಕಾರ.

"ನಮ್ಮ ಕ್ಯಾಂಪಸ್‌ನಲ್ಲೂ ಒಂದು ಲಿನಕ್ಸ್ ಮಿರರ್ ಇಡೋಣ ಅಂತಿದ್ದೇವೆ, ಏನೇನು ಬೇಕು?" ಎಂದು ಒಂದಲ್ಲ ಒಂದು ಕಾಲೇಜಿನವರು ನನ್ನಂಥ ಸ್ವಯಂಸೇವಕರನ್ನು ಆಗಾಗ ಕೇಳುತ್ತಿರುತ್ತಾರೆ. ಮಿರರ್ ಎಂದರೆ ಲಿನಕ್ಸ್‌ನಂಥ ಮುಕ್ತ ತಂತ್ರಾಂಶಗಳ ಮೂಲ ಸರ್ವರ್‌ನಲ್ಲಿರುವುದರ ಪ್ರತಿ ಇಟ್ಟು ಹಂಚುವ ಸರ್ವರ್. ಕೇಳುವುದೇ ಸಂತೋಷ. ಆದರೆ ಮಾತು ಹಾರ್ಡ್‌ವೇರ್ ಬಿಟ್ಟು ಆಚೆ ಹೋಗುವುದೇ ಇಲ್ಲ. ಡಿಸ್ಕ್ ಎಷ್ಟು ಟಿಬಿ? ರ‍್ಯಾಮ್ ಎಷ್ಟು? ಕೊಟೇಶನ್ ಎಷ್ಟಕ್ಕೆ ಬರುತ್ತೆ? ಉದ್ಘಾಟನೆಗೆ ಯಾರನ್ನು ಕರೆಯೋಣ ಎಂಬಲ್ಲಿಗೆ ಮೀಟಿಂಗ್ ಮುಗಿಯುತ್ತದೆ. ಈಗಿನ ಫೈನಲ್ ಇಯರ್ ಹುಡುಗರು ಕೆಲಸ ಸಿಕ್ಕಿ ಹೊರಟುಹೋದ ಮೇಲೆ, ರಜೆಯಲ್ಲಿ ಒಂದು ರಾತ್ರಿ ಇದರ ಸಿಂಕ್ (ಮೂಲ ಬದಲಾದಂತೆ ಪ್ರತಿಯನ್ನೂ ಹೊಸದು ಮಾಡುವ ಕೆಲಸ) ನಿಂತರೆ ಮೊದಲು ಗೊತ್ತಾಗುವುದು ಯಾರಿಗೆ? ಈ ಪ್ರಶ್ನೆ ಮಾತ್ರ ಮೇಜಿನ ಮೇಲೆ ಬರುವುದಿಲ್ಲ. ಅದನ್ನು ಕೇಳುವುದಕ್ಕೇ ಈ ಪತ್ರ.

ಮಿರರ್‌ನಲ್ಲಿ ದುಡ್ಡು ಹೋಗುವುದು ಡಿಸ್ಕಿಗೆ. ಕೆಲಸ ಇರುವುದೆಲ್ಲ ಸಿಂಕ್‌ನಲ್ಲಿ. ಆ ಕೆಲಸಕ್ಕೆ ಕಾಲೇಜಿನಿಂದ ಸಂಬಳ ಪಡೆಯುವ ಒಬ್ಬರನ್ನು ಹೆಸರು ಹಿಡಿದು ಹೇಳಲು ಆಗದಿದ್ದರೆ ದಯವಿಟ್ಟು ಮಿರರ್ ಇಡಬೇಡಿ. ಒರಟಾಗಿ ಕೇಳಿಸಬಹುದು. ಯಾಕೆ ಹೀಗೆ ಹೇಳುತ್ತಿದ್ದೇನೆ ಎಂದು ವಿವರಿಸುತ್ತೇನೆ.

ಲಿನಕ್ಸ್ ಕರ್ನೆಲ್, ಅದರ ಮೇಲೆ ಕಟ್ಟಿದ ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಂ, ಗ್ನೂ, ಪರ್ಲ್ ಭಾಷೆಯ ಸಿಪ್ಯಾನ್ ಭಂಡಾರ, ಟೆಕ್ ಎಂಬ ಅಕ್ಷರಜೋಡಣೆ ತಂತ್ರಾಂಶದ ಸಿಟ್ಯಾನ್ ಭಂಡಾರ ಇವೆಲ್ಲದರ ಸೋರ್ಸ್ ಕೋಡಿಗೆ ಒಂದು ಮೂಲ ಸರ್ವರ್ ಇರುತ್ತದೆ. ಪ್ರಪಂಚದ ಎಲ್ಲರೂ ಅಲ್ಲಿಂದಲೇ ಇಳಿಸಿಕೊಂಡರೆ ಅದು ನೆಲ ಕಚ್ಚುತ್ತದೆ. ಹಾಗಾಗಿ ವಿಶ್ವವಿದ್ಯಾಲಯಗಳು, ಇಂಟರ್ನೆಟ್ ಕಂಪನಿಗಳು, ಕೆಲವು ಕಡೆ ಒಬ್ಬೊಬ್ಬರೇ ವ್ಯಕ್ತಿಗಳು ತಮ್ಮ ಸರ್ವರ್‌ನಲ್ಲಿ ಪ್ರತಿ ಇಟ್ಟು ಹಂಚುತ್ತಾರೆ. ನಮ್ಮ ದೇಶದಲ್ಲಿ ಐಐಟಿ ಕಾನ್ಪುರದ ಕಂಪ್ಯೂಟರ್ ಸೈನ್ಸ್ ವಿಭಾಗದ ಮಿರರ್ ಬಹಳ ಜನರಿಗೆ ಗೊತ್ತು. ಇದಕ್ಕೆ ಯಾರೂ ಯಾರಿಗೂ ದುಡ್ಡು ಕೊಡುವುದಿಲ್ಲ, ಕರಾರುಪತ್ರವೂ ಇರುವುದಿಲ್ಲ. ನಿಮ್ಮ ಲ್ಯಾಬಿನ ಉಬುಂಟು ಮೆಷಿನ್‌ನಲ್ಲಿ ಕನ್ನಡದ ಗುಬ್ಬಿ, ನವಿಲು ಫಾಂಟ್ ಕೂರಿಸಿದಾಗ ಅವೂ ಇಂಥದ್ದೇ ಯಾವುದೋ ಪ್ರತಿಯಿಂದ ಬಂದಿರುವ ಸಾಧ್ಯತೆ ಜಾಸ್ತಿ.

ಪ್ರತಿ ಒಮ್ಮೆ ಇಳಿಸಿಟ್ಟರೆ ಮುಗಿಯಿತಲ್ಲ ಎನ್ನಬಹುದು. ಮೂಲ ದಿನವೂ ಬದಲಾಗುತ್ತದೆ. ಡೆಬಿಯನ್‌ನ ಮುಖ್ಯ ಆರ್ಕೈವ್ ದಿನಕ್ಕೆ 4 ಸಲ ಹೊಸದಾಗುತ್ತದೆ. ಮಿರರ್‌ಗಳು ಸಾಮಾನ್ಯವಾಗಿ ಯುಟಿಸಿ 3, 9, 15 ಮತ್ತು 21 ಗಂಟೆಯ ಹೊತ್ತಿಗೆ ಅಪ್‌ಡೇಟ್ ಶುರು ಮಾಡುತ್ತವೆ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಎಂಟೂವರೆ, ಮಧ್ಯಾಹ್ನ ಎರಡೂವರೆ, ರಾತ್ರಿ ಎಂಟೂವರೆ, ನಡುರಾತ್ರಿ ಎರಡೂವರೆ. ಈ ಸಮಯಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಡಿ ಎಂದು ಡೆಬಿಯನ್‌ನವರೇ ಬರೆದಿದ್ದಾರೆ. ನಾವು ಕೇಳಬೇಕಲ್ಲ! ನಿಗದಿತ ಹೊತ್ತಿಗೆ ಕೆಲಸ ಶುರು ಮಾಡಿಸುವ ಕ್ರಾನ್‌ನಲ್ಲಿ ಎಲ್ಲರೂ ಬರೆಯುವುದು ಸರಿಯಾಗಿ ಗಂಟೆ ಹೊಡೆಯುವ ನಿಮಿಷವನ್ನೇ. ಅಷ್ಟು ಮಿರರ್‌ಗಳು ಒಂದೇ ಕ್ಷಣಕ್ಕೆ ಬಾಗಿಲು ಬಡಿಯುತ್ತವೆ. ಹದಿನೇಳನೇ ನಿಮಿಷ ಎಂದೋ ನಲವತ್ತೊಂದನೇ ನಿಮಿಷ ಎಂದೋ ಬರೆಯಿರಿ. ಇನ್ನೂ ಒಳ್ಳೆಯದು, ಮೇಲಿನ ಸರ್ವರ್ ತಾನೇ ಎಸ್‌ಎಸ್‌ಎಚ್ ಮೂಲಕ "ಹೊಸದು ಬಂದಿದೆ, ತಗೋ" ಎಂದು ತಟ್ಟುವ ಪುಶ್ ವ್ಯವಸ್ಥೆ ಮಾಡಿಕೊಳ್ಳುವುದು. ಮತ್ತೆ, ಎಲ್ಲರೂ ನೇರ ಮೂಲಕ್ಕೇ ಹೋಗಬೇಕಾಗಿಲ್ಲ. ಹತ್ತಿರದ ದೊಡ್ಡ ಮಿರರ್‌ನಿಂದ ತೆಗೆದುಕೊಳ್ಳಿ.

ಈಗ ನಿಮ್ಮ ಲ್ಯಾಬಿಗೆ ಬರೋಣ. ಹುಡುಗಿಯೊಬ್ಬಳು ಪ್ಯಾಕೇಜ್ ಹಾಕಲು ಹೋಗುತ್ತಾಳೆ. ಪರದೆಯ ಮೇಲೆ "ಹ್ಯಾಶ್ ಸಮ್ ಮಿಸ್‌ಮ್ಯಾಚ್" ಎಂದು ಬರುತ್ತದೆ. ಮತ್ತೆ ಮಾಡುತ್ತಾಳೆ, ಮತ್ತೆ ಅದೇ. ಲ್ಯಾಬ್ ಇನ್‌ಸ್ಟ್ರಕ್ಟರ್ ಬಂದು ನೋಡಿ "ನೆಟ್ ಸರಿ ಇಲ್ಲ, ಆಮೇಲೆ ಮಾಡು" ಎನ್ನುತ್ತಾರೆ. ನೆಟ್ ಸರಿಯಾಗಿಯೇ ಇದೆ. ಆಗಿದ್ದು ಇಷ್ಟು. ಆರ್ಕೈವ್‌ನಲ್ಲಿ ಎರಡು ಬಗೆಯ ಫೈಲ್‌ಗಳಿವೆ. ಒಂದು, ನಿಜವಾದ ಪ್ಯಾಕೇಜ್ ಮತ್ತು ಸೋರ್ಸ್ ಫೈಲ್‌ಗಳು. ಇನ್ನೊಂದು, ಯಾವ ಫೈಲ್ ಇದೆ, ಅದರ ಹ್ಯಾಶ್ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು) ಏನು ಎಂದು ಹೇಳುವ ಸೂಚಿಗಳು. ಒಂದು ಯಂತ್ರದ ಫೈಲ್‌ಗಳನ್ನು ಇನ್ನೊಂದಕ್ಕೆ ನಕಲು ಮಾಡುವ ಆರ್‌ಸಿಂಕ್ ಎಂಬ ಸಾಧನದ ಒಂದು ಕಮಾಂಡ್ ಸುಮ್ನೆ ಹಾಕಿ ಬಿಟ್ಟರೆ ಅದು ತನಗೆ ಸಿಕ್ಕ ಕ್ರಮದಲ್ಲಿ ತರುತ್ತದೆ. ಹೊಸ ಸೂಚಿ ಬಂದಿರುತ್ತದೆ, ಅದು ಹೇಳುವ ಫೈಲ್ ಇನ್ನೂ ದಾರಿಯಲ್ಲಿರುತ್ತದೆ. ಒಂದು ಸೂಚಿ ಹೊಸದು, ಪಕ್ಕದ್ದು ಹಳೆಯದು ಎಂದೂ ಆಗಬಹುದು. ದರ್ಶಿನಿ ಬೋರ್ಡಿನಲ್ಲಿ ಖಾರಾಬಾತ್ ಎಂದು ಬರೆದಿದ್ದಾರೆ, ಚೀಟಿ ಹಿಡಿದು ಕೌಂಟರ್‌ಗೆ ಹೋದರೆ "ಇನ್ನೂ ಆಗಿಲ್ಲ ಸಾರ್" ಎನ್ನುತ್ತಾರಲ್ಲ, ಅದೇ ಕಥೆ.

ಇದಕ್ಕೆ ಮದ್ದು ಎಂದೋ ಗೊತ್ತಿದೆ. ಎರಡು ಹಂತದಲ್ಲಿ ಸಿಂಕ್ ಮಾಡಬೇಕು. ಮೊದಲ ಹಂತದಲ್ಲಿ ಸೂಚಿಗಳನ್ನು ಮುಟ್ಟದೆ ಹೊಸ ಫೈಲ್‌ಗಳನ್ನಷ್ಟೇ ತರಬೇಕು, ಹಳೆಯದೊಂದನ್ನೂ ಅಳಿಸಬಾರದು. ಅವೆಲ್ಲ ಬಂದು ಕೂತ ಮೇಲೆ ಎರಡನೇ ಹಂತದಲ್ಲಿ ಸೂಚಿಗಳನ್ನು ತಂದು, ಕೊನೆಗೆ ಬೇಡದ ಹಳೆಯದನ್ನು ತೆಗೆಯಬೇಕು. ಡೆಬಿಯನ್‌ನ ಎಫ್‌ಟಿಪಿಸಿಂಕ್ ಸ್ಕ್ರಿಪ್ಟ್ ಇದನ್ನೇ ಮಾಡುತ್ತದೆ. ಹೆಸರಿನಲ್ಲಿ ಎಫ್‌ಟಿಪಿ (ಫೈಲ್ ಕಳಿಸುವ ಹಳೆಯ ವಿಧಾನ) ಇದ್ದರೂ ಕೆಲಸ ಮಾಡುವುದು ಆರ್‌ಸಿಂಕ್. (ಡೆಬಿಯನ್ ತನ್ನ ಸಾರ್ವಜನಿಕ ಎಫ್‌ಟಿಪಿ ಸೇವೆಯನ್ನು 2017ರ ನವೆಂಬರ್ 1ಕ್ಕೆ ಮುಚ್ಚಿತು. ಹೆಸರು ಉಳಿದುಕೊಂಡಿದೆ.) ಆದರೂ ಕಾಲೇಜುಗಳಲ್ಲಿ ನಾನು ಕಾಣುವುದು ಬಹುಪಾಲು ಯಾರೋ ಸೀನಿಯರ್ ಬರೆದ ಮೂರು ಸಾಲಿನ ಸ್ಕ್ರಿಪ್ಟ್. ಸಿದ್ಧ ಸ್ಕ್ರಿಪ್ಟ್ ಇದ್ದಾಗ ಸ್ವಂತದ್ದು ಬರೆಯುವ ಉಮೇದು ಹುಡುಗರಿಗೆ ಇರುವುದು ಸಹಜ. ಅದನ್ನು ಮಿನಿ ಪ್ರಾಜೆಕ್ಟ್‌ನಲ್ಲಿ ತೋರಿಸಲಿ, ಸಾರ್ವಜನಿಕ ಮಿರರ್ ಮೇಲೆ ಬೇಡ.

ಗಿಟ್ ರೆಪೊಗಳ, ಅಂದರೆ ಕೋಡನ್ನು ಅದರ ಬದಲಾವಣೆಗಳ ಇತಿಹಾಸ ಸಮೇತ ಇಡುವ ಭಂಡಾರಗಳ, ಪ್ರತಿ ಇಡುವುದಾದರೆ ಇನ್ನೂ ಸ್ವಲ್ಪ ಎಚ್ಚರ ಬೇಕು. ಗಿಟ್ ತಾನೇ ಫೆಚ್ ಮಾಡುವಾಗ ಕ್ರಮ ಸರಿಯಾಗಿಯೇ ಇರುತ್ತದೆ. ಮೊದಲು ಆಬ್ಜೆಕ್ಟ್‌ಗಳು (ಫೈಲ್‌ಗಳ ಮತ್ತು ಕಮಿಟ್ ಎನ್ನುವ ಒಂದೊಂದು ಬದಲಾವಣೆಯ ದಾಖಲೆಗಳು) ಬರುತ್ತವೆ, ಅವು ಬಂದ ಮೇಲೆಯೇ ಬ್ರಾಂಚಿನ ಗುರುತು ಮುಂದೆ ಸರಿಯುತ್ತದೆ. ನಾವು ಜಾಣತನ ಮಾಡಿ, ಚಾಲ್ತಿಯಲ್ಲಿರುವ ಗಿಟ್ ರೆಪೊವನ್ನು ಮಾಮೂಲಿ ಫೋಲ್ಡರಿನಂತೆ ಆರ್‌ಸಿಂಕ್‌ನಲ್ಲಿ ಎಳೆದುಕೊಂಡರೆ ಆ ಕ್ರಮ ಹೋಯಿತು. ಆ ಕಡೆ ಅದೇ ಹೊತ್ತಿಗೆ ರೀಪ್ಯಾಕ್ (ಆಬ್ಜೆಕ್ಟ್‌ಗಳನ್ನು ಹೊಸ ಪ್ಯಾಕ್ ಫೈಲಿಗೆ ಕಟ್ಟುವ ಕೆಲಸ) ನಡೆಯುತ್ತಿದ್ದರೆ ಹಳೆಯ ಪ್ಯಾಕ್ ಮಾಯ, ಹೊಸದು ನಿಮಗೆ ಸಿಕ್ಕಿಲ್ಲ. ಬ್ರಾಂಚ್ ತೋರಿಸುವ ಕಮಿಟ್ ನಿಮ್ಮ ಡಿಸ್ಕಿನಲ್ಲಿ ಇರುವುದೇ ಇಲ್ಲ. ಸಾಮಾನ್ಯ ಫೈಲ್‌ಗಳಿಗೆ ಆರ್‌ಸಿಂಕ್‌ನಂಥ ಸಾಧನ ಇನ್ನೊಂದಿಲ್ಲ. 1996ರಲ್ಲಿ ಆಸ್ಟ್ರೇಲಿಯಾದ ಆ್ಯಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕರಸ್ ಬರೆದದ್ದು ಇವತ್ತಿಗೂ ಎಲ್ಲರ ಕೈಯಲ್ಲಿದೆ. ಗಿಟ್‌ಗೆ ಮಾತ್ರ ಗಿಟ್ಟನ್ನೇ ಬಳಸಿ.

ಒಂದೆರಡು ರೆಪೊ ಆದರೆ ಸರಿ. ಲಿನಕ್ಸ್ ಕರ್ನೆಲ್‌ನ ಮೂಲ ತಾಣವಾದ ಕರ್ನೆಲ್ ಡಾಟ್ ಆರ್ಗ್‌ನಂಥ ಕಡೆ ರೆಪೊಗಳ ರಾಶಿಯೇ ಇದೆ. ಮಿರರ್ ಇಟ್ಟವರೆಲ್ಲ ಪ್ರತಿ ಹತ್ತು ನಿಮಿಷಕ್ಕೆ ಒಂದೊಂದು ರೆಪೊವನ್ನೂ "ಏನಾದರೂ ಹೊಸದಿದೆಯಾ?" ಎಂದು ಕೇಳುತ್ತಾ ಹೋದರೆ, ಬಹುಪಾಲು ಉತ್ತರ "ಇಲ್ಲ" ಎಂದೇ. ಆ "ಇಲ್ಲ" ಎನ್ನುವುದಕ್ಕೇ ಸರ್ವರ್ ಸುಸ್ತಾಗುತ್ತದೆ. ಅಲ್ಲಿನ ಕಾನ್‌ಸ್ಟಂಟೀನ್ ರಿಯಾಬಿಟ್ಸೆವ್ ಇದಕ್ಕಾಗಿ ಗ್ರಾಕ್‌ಮಿರರ್ ಎಂಬ ಸಾಧನ ಬರೆದರು. ಮೂಲ ಸರ್ವರ್ ಒಂದು ಮ್ಯಾನಿಫೆಸ್ಟ್ ಫೈಲ್ ಇಟ್ಟಿರುತ್ತದೆ. ಪ್ರತಿ ರೆಪೊ ಕೊನೆಗೆ ಬದಲಾದದ್ದು ಯಾವಾಗ, ಅದರ ಬ್ರಾಂಚ್ ಮತ್ತು ಟ್ಯಾಗ್‌ಗಳ ಒಟ್ಟು ಬೆರಳಚ್ಚು ಏನು, ಯಾವ ರೆಪೊದ ಜೊತೆ ಆಬ್ಜೆಕ್ಟ್ ಹಂಚಿಕೊಂಡಿದೆ ಎಂದು ಅದರಲ್ಲಿರುತ್ತದೆ. ಮಿರರ್ ಆ ಒಂದು ಫೈಲ್ ನೋಡುತ್ತದೆ, ಬದಲಾದ ರೆಪೊಗಳನ್ನು ಮಾತ್ರ ತರುತ್ತದೆ. ಆಬ್ಜೆಕ್ಟ್ ಹಂಚಿಕೆಯ ಮಾತು ಸಣ್ಣದಲ್ಲ. ಕರ್ನೆಲ್‌ನ ಗಿಟ್ ಇತಿಹಾಸ 2005ರಿಂದ ಇದೆ, 10 ಲಕ್ಷ ಕಮಿಟ್ ದಾಟಿ ಹೋಗಿದೆ. ಒಬ್ಬೊಬ್ಬ ಮೇಂಟೇನರ್ ಇಟ್ಟುಕೊಂಡ ಪ್ರತಿಯಲ್ಲೂ ಇದೇ ಇತಿಹಾಸ ಇರುತ್ತದೆ. ಹಂಚಿಕೊಳ್ಳದೆ ಬೇರೆ ಬೇರೆ ಇಟ್ಟರೆ ನಿಮ್ಮ ಡಿಸ್ಕ್ ಕೊಟೇಶನ್ ಎಲ್ಲಿಗೋ ಹೋಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಸಿಂಕ್ ತಪ್ಪಿದರೆ ಏನಾಗುತ್ತದೆ ಎಂಬುದು. ಸಿಂಕ್ ಚೆನ್ನಾಗಿ ನಡೆದರೂ ಅನಾಹುತ ಆಗಬಹುದು. 2013ರಲ್ಲಿ ಕೆಡಿಇಗೆ ಆದದ್ದು ಅದೇ.

ಕೆಡಿಇ ಎಂದರೆ ಲಿನಕ್ಸ್‌ನ ದೊಡ್ಡ ಡೆಸ್ಕ್‌ಟಾಪ್ ಯೋಜನೆಗಳಲ್ಲಿ ಒಂದು. ಅವರ ಸುಮಾರು 1500 ಗಿಟ್ ರೆಪೊಗಳು ಒಂದು ಮುಖ್ಯ ಸರ್ವರ್‌ನಲ್ಲಿದ್ದವು. ಓದುವವರಿಗಾಗಿ ಬೇರೆ ಬೇರೆ ಕಡೆ ಮಿರರ್‌ಗಳಿದ್ದವು, ಅವು ಮುಖ್ಯ ಸರ್ವರನ್ನು ಬಿಡದೆ ಹಿಂಬಾಲಿಸುತ್ತಿದ್ದವು. ಇಷ್ಟೊಂದು ಪ್ರತಿ ಇದ್ದ ಮೇಲೆ ಬ್ಯಾಕಪ್ ಇದ್ದ ಹಾಗೇ ಅಲ್ವಾ ಎಂಬ ಧೈರ್ಯ. ಆ ವರ್ಷದ ಮಾರ್ಚ್ 22ರಂದು ಸೆಕ್ಯುರಿಟಿ ಅಪ್‌ಡೇಟ್ ಹಾಕಲು ಆ ಯಂತ್ರವನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದರು. ರೆಪೊಗಳಿದ್ದ ವರ್ಚುವಲ್ ಮೆಷಿನ್ ಎದ್ದಾಗ ಅದರ ಫೈಲ್ ಸಿಸ್ಟಂ ಹಾಳಾಗಿರುವುದು ಕಂಡಿತು. ಸರಿ, ಮಿರರ್‌ಗಳಿಂದ ವಾಪಸ್ ತರೋಣ ಎಂದು ಅತ್ತ ನೋಡಿದರೆ ಅಲ್ಲೂ ರೆಪೊಗಳಿಲ್ಲ!

ಯಾವ ರೆಪೊಗಳು ಇವೆ ಎಂಬ ಪಟ್ಟಿಯನ್ನು ಮಿರರ್‌ಗಳು ಮುಖ್ಯ ಸರ್ವರ್‌ನಿಂದಲೇ ತರುತ್ತಿದ್ದವು. ಆ ಪಟ್ಟಿಯೇ ಕೆಟ್ಟಿತ್ತು. ಪಟ್ಟಿಯಲ್ಲಿ ಇಲ್ಲದ ರೆಪೊ ಎಂದರೆ ಮೇಲೆ ಯಾರೋ ಬೇಕೆಂದೇ ಅಳಿಸಿದ್ದಾರೆ ಎಂದು ಮಿರರ್‌ಗಳ ಲೆಕ್ಕ. ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿದವು, ತಮ್ಮಲ್ಲಿದ್ದ ಒಳ್ಳೆಯ ಪ್ರತಿಗಳನ್ನು ಅಳಿಸಿದವು. ಇನ್ನೂ ಅಳಿಯದಿದ್ದ ಕಡೆ ಹಾಳಾದದ್ದೇ ಇಳಿದು ಬಂದಿತ್ತು. ಯಾವ ಎಚ್ಚರಿಕೆಯೂ ಬರಲಿಲ್ಲ. ಪುಣ್ಯಕ್ಕೆ ಒಂದು ಸರ್ವರ್ ಉಳಿದುಕೊಂಡಿತ್ತು. ಯೋಜನೆಗಳ ಪುಟ ತೋರಿಸಲು ಬಳಸುತ್ತಿದ್ದ ಯಂತ್ರ ಅದು. ಅದರಲ್ಲಿ ಎಲ್ಲ ರೆಪೊಗಳ ಪ್ರತಿ ಸರಿಯಾಗಿಯೇ ಇತ್ತು. ಅಲ್ಲಿಂದ ತಂದು ಕೂರಿಸಿದರು. ಇಷ್ಟನ್ನೂ ಅವರೇ ಮುಚ್ಚುಮರೆ ಇಲ್ಲದೆ ಬರೆದಿಟ್ಟರು ಎಂಬುದನ್ನು ಮೆಚ್ಚಲೇಬೇಕು. ನಮ್ಮಲ್ಲಿ ಆಗಿದ್ದರೆ "ತಾಂತ್ರಿಕ ಕಾರಣಗಳಿಂದ" ಎಂದು ನೋಟಿಸ್ ಹಾಕಿ ಮುಗಿಸುತ್ತಿದ್ದೆವು.

ಇದನ್ನು ಇಷ್ಟು ಉದ್ದಕ್ಕೆ ಹೇಳಲು ಕಾರಣವಿದೆ. ನಿಮ್ಮ ಕಾಲೇಜಿನಲ್ಲೂ ವಿದ್ಯಾರ್ಥಿಗಳ ಪ್ರಾಜೆಕ್ಟ್ ಕೋಡ್ ಇಡಲು ಒಂದು ಗಿಟ್ ಸರ್ವರ್ ಇರಬಹುದು. ಪಕ್ಕದ ಬ್ಲಾಕಿನಲ್ಲಿ ಅದರದ್ದೇ ಮಿರರ್ ಇಟ್ಟು, ಮಾನ್ಯತೆ ಕೊಡಲು ಬರುವ ಎನ್‌ಬಿಎ ತಂಡಕ್ಕೆ ಕೊಡುವ ಫೈಲಿನಲ್ಲಿ "ಬ್ಯಾಕಪ್ ವ್ಯವಸ್ಥೆ ಇದೆ" ಎಂದು ಬರೆದಿರಬಹುದು. ಅದು ಬ್ಯಾಕಪ್ ಅಲ್ಲ. ಮೂಲದಲ್ಲಿ ಅಳಿದದ್ದು ಅಲ್ಲೂ ಅಳಿಯುತ್ತದೆ, ಅದೂ ಬೇಗ. ಹಿಂದಿನ ದಿನದ, ಹಿಂದಿನ ವಾರದ ಸ್ಥಿತಿಗೆ ಹೋಗಲು ಆಗುವಂಥ ಸ್ನ್ಯಾಪ್‌ಶಾಟ್ ಬೇರೆಯೇ ಬೇಕು. ತಮಾಷೆ ಎಂದರೆ, ಡೆಬಿಯನ್‌ನಂಥದ್ದರ ಸಾರ್ವಜನಿಕ ಮಿರರ್‌ಗೆ ಬ್ಯಾಕಪ್ಪೇ ಬೇಡ. ಡಿಸ್ಕ್ ಸತ್ತರೆ ಮತ್ತೆ ಇಳಿಸಿಕೊಂಡರೆ ಆಯಿತು. ನಿಮ್ಮ ಮಕ್ಕಳ ಕೋಡ್ ಇನ್ನೆಲ್ಲೂ ಸಿಗುವುದಿಲ್ಲ.

ಸಾರ್ವಜನಿಕ ಮಿರರ್‌ಗೂ ಅಳಿಸುವುದಕ್ಕೆ ಒಂದು ತಡೆ ಇರಲೇಬೇಕು. ಗ್ರಾಕ್‌ಮಿರರ್‌ನಲ್ಲಿ ಪರ್ಜ್‌ಪ್ರೊಟೆಕ್ಟ್ ಎಂಬ ಸೆಟ್ಟಿಂಗ್ ಇದೆ. ಅಲ್ಲಿ 5 ಎಂದಿದ್ದರೆ, ಒಂದೇ ಸಲಕ್ಕೆ ಶೇ. 5ಕ್ಕಿಂತ ಜಾಸ್ತಿ ರೆಪೊ ಅಳಿಸುವ ಪ್ರಸಂಗ ಬಂದಾಗ ಅದು ಕೈಕಟ್ಟಿ ನಿಲ್ಲುತ್ತದೆ, ಮನುಷ್ಯರು ಬಂದು ಹೇಳಬೇಕು. ಆರ್‌ಸಿಂಕ್‌ನಲ್ಲೂ ಮ್ಯಾಕ್ಸ್-ಡಿಲೀಟ್ ಎಂಬ ಆಯ್ಕೆ ಇದೆ. ಹಾಗೆ ನಿಂತಾಗ ಬಂದು ನೋಡುವ ಮನುಷ್ಯರು ಯಾರು ಎಂಬುದಕ್ಕೇ ನಾನು ಹೆಸರು ಕೇಳುತ್ತಿರುವುದು.

ನಿಂತೇ ಹೋದ ಮಿರರ್ ಇನ್ನೊಂದು ಬಗೆಯ ಅಪಾಯ. ಒಂದು ಕಾಲೇಜಿನ ಮಿರರ್ ನೋಡಿದ್ದೆ, ಹೆಸರು ಬೇಡ. ವೆಬ್ ಪುಟ ತೆರೆದುಕೊಳ್ಳುತ್ತಿತ್ತು, ಕಾಲೇಜಿನ ಲೋಗೊ ಇತ್ತು, ಫೈಲ್‌ಗಳೂ ಇಳಿಯುತ್ತಿದ್ದವು. ಸಿಂಕ್ ಯಾವಾಗ ಆಯಿತೆಂದು ಬರೆದಿಡುವ ಟ್ರೇಸ್ ಫೋಲ್ಡರಿನ ಒಳಗೆ ಹೋಗಿ ಕೊನೆಯ ಸಿಂಕ್ ತಾರೀಖು ನೋಡಿದರೆ ಹಿಂದಿನ ಶೈಕ್ಷಣಿಕ ವರ್ಷದ್ದು. ಡಿಸ್ಕ್ ತುಂಬಿ ಆರ್‌ಸಿಂಕ್ ಅರ್ಧಕ್ಕೆ ನಿಂತಿತ್ತು. ಸ್ಕ್ರಿಪ್ಟ್ ದಿನಾ ಮೇಲ್ ಕಳಿಸುತ್ತಲೇ ಇತ್ತು. ಪಾಸಾಗಿ ಹೋದ ಹುಡುಗನ ಕಾಲೇಜು ಐಡಿಗೆ! ಆ ಐಡಿಯನ್ನು ಕಾಲೇಜಿನವರೇ ಮುಚ್ಚಿದ್ದರು. ಆ ಮಿರರ್ ನಂಬಿಕೊಂಡ ಮೆಷಿನ್‌ಗಳೆಲ್ಲ "ಹೊಸ ಅಪ್‌ಡೇಟ್ ಏನೂ ಇಲ್ಲ" ಎಂದು ನೆಮ್ಮದಿಯಾಗಿದ್ದವು.

ಈ ನೆಮ್ಮದಿಯನ್ನು ಯಾರಾದರೂ ಬೇಕೆಂದೇ ಹುಟ್ಟಿಸಬಹುದು. 2008ರಲ್ಲಿ ಅಮೆರಿಕದ ಅರಿಝೋನಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಸರ್ವರ್ ಬಾಡಿಗೆಗೆ ಹಿಡಿದು, ಇಲ್ಲದ ಕಂಪನಿಯ ಹೆಸರಿನಲ್ಲಿ, ಇಲ್ಲದ ಅಡ್ಮಿನ್ ಹೆಸರಿನಲ್ಲಿ ಮಿರರ್ ಅರ್ಜಿ ಹಾಕಿದರು. ಉಬುಂಟು, ಫೆಡೋರಾ, ಓಪನ್‌ಸೂಸೆ, ಸೆಂಟ್‌ಓಎಸ್, ಡೆಬಿಯನ್ ಎಲ್ಲವೂ ಒಪ್ಪಿಕೊಂಡವು. ಪ್ಯಾಕೇಜಿಗೆ ಸಹಿ ಇರುತ್ತದೆ, ಮಿರರ್‌ನವರು ಒಳಗಿನದನ್ನು ತಿದ್ದಿದರೆ ಸಿಕ್ಕಿಬೀಳುತ್ತಾರೆ, ನಿಜ. ಆದರೆ ಹಳೆಯ ಪ್ಯಾಕೇಜಿಗೂ ಸರಿಯಾದ ಸಹಿಯೇ ಇರುತ್ತದೆ ಅಲ್ವಾ? ಹೊಸದನ್ನು ಕೊಡದೆ ಸುಮ್ನೆ ಹಳೆಯದನ್ನೇ ಹಂಚುತ್ತಿದ್ದರೆ ತಿಳಿಯುವುದು ಕಷ್ಟ. ಡೆಬಿಯನ್‌ನ ಕೆಲವು ಸೂಚಿಗಳಲ್ಲಿ "ಇಂಥ ದಿನದವರೆಗೆ ಮಾತ್ರ ಮಾನ್ಯ" ಎಂಬ ಸಾಲು ಇರುವುದು, ಸೆಕ್ಯುರಿಟಿ ಅಪ್‌ಡೇಟ್‌ಗಳನ್ನು ಮಾಮೂಲಿ ಮಿರರ್‌ಗಳ ಕೈಗೆ ಬಿಡದೆ ಬೇರೆ ಕಡೆಯಿಂದ ಕೊಡುವುದು ಈ ಕಾರಣಕ್ಕೇ. ದುರುದ್ದೇಶದಿಂದ ನಿಲ್ಲಿಸಿದ ಮಿರರ್‌ಗೂ ರಜೆಯಲ್ಲಿ ತಾನಾಗಿ ನಿಂತ ನಿಮ್ಮ ಮಿರರ್‌ಗೂ ಬಳಸುವವರ ಕಡೆಯಿಂದ ನೋಡಿದರೆ ವ್ಯತ್ಯಾಸವೇ ಇಲ್ಲ.

ಮಿರರ್ ಇಟ್ಟವರ ಸರ್ವರ್‌ಗೂ ದಾಳಿಯ ಭಯ ಇದ್ದದ್ದೇ. 2025ರ ಜನವರಿಯಲ್ಲಿ ಆರ್‌ಸಿಂಕ್‌ನಲ್ಲೇ ದೊಡ್ಡ ತೂತುಗಳು ಸಿಕ್ಕವು. ಪಾಸ್‌ವರ್ಡ್ ಇಲ್ಲದೆ ಓದುವ ಅವಕಾಶ ಸಿಕ್ಕರೆ ಸಾಕು, ಸರ್ವರ್ ಮೇಲೆ ತಮ್ಮ ಕೋಡ್ ಓಡಿಸಬಹುದಿತ್ತು. ಸಾರ್ವಜನಿಕ ಮಿರರ್ ಇರುವುದೇ ಹಾಗೆ ಓದಲಿಕ್ಕೆ! 3.4.0 ಆವೃತ್ತಿ ಬಂದ ಕೂಡಲೇ ಎಲ್ಲರೂ ಎದ್ದುಬಿದ್ದು ಹಾಕಿಕೊಂಡರು. ಆ ವಾರ ಸಂಕ್ರಾಂತಿ. ನಿಮ್ಮ ಕಾಲೇಜಿಗೆ ರಜೆ ಇದ್ದಿರಬೇಕು.

ಇನ್ನು ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಎರಡು ಮಾತು. ಆರ್‌ಸಿಂಕ್ ಓಡಾಡುವುದು 873ನೇ ಪೋರ್ಟ್‌ನಲ್ಲಿ. ನಿಮ್ಮ ಫೈರ್‌ವಾಲ್ 80 ಮತ್ತು 443 ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿರುತ್ತದೆ. ಆ ಒಂದು ಯಂತ್ರಕ್ಕೆ, ಮೇಲಿನ ಒಂದೆರಡು ಸರ್ವರ್‌ಗಳಿಗೆ ಮಾತ್ರ ಬಿಡಿ ಸಾಕು. ಹುಡುಗರು ಅರ್ಜಿ ಹಿಡಿದು ಆಡಳಿತ ಬ್ಲಾಕಿಗೆ ಅಲೆದು, ಆಗದೆ, ಯಾವುದೋ ಟನಲ್ ಹಾಕಿಕೊಂಡು ಸಿಂಕ್ ನಡೆಸುವ ಹಾಗೆ ಮಾಡಬೇಡಿ. ಆ ಟನಲ್ ಹಾಕಿದವನು ಹೋದ ದಿನ ಎಲ್ಲ ನಿಲ್ಲುತ್ತದೆ. ಫೈರ್‌ವಾಲ್ ಬದಲಿಸಿದಾಗಲೂ ಅಷ್ಟೆ. ಹಳೆಯ ಬಾಕ್ಸ್ ತೆಗೆದು ಹೊಸದು ಹಾಕುತ್ತೀರಿ, ಹಳೆಯ ವಿನಾಯಿತಿಗಳು ಹೊಸದಕ್ಕೆ ಬಂದಿರುವುದಿಲ್ಲ. ಮಿರರ್ ನಿಲ್ಲುವ ಕಾರಣಗಳಲ್ಲಿ ಇದು ತೀರಾ ಮಾಮೂಲಿ.

ವೆಬ್‌ನಲ್ಲಿ ಕೋಡ್ ಬ್ರೌಸ್ ಮಾಡುವ ಪುಟ ಇಡಬೇಕೆಂದು ಹುಡುಗರು ಕೇಳುತ್ತಾರೆ. ಈಗ ಬೇಡ ಎಂದೇ ನನ್ನ ಸಲಹೆ. ಪ್ರತಿ ಕಮಿಟ್, ಪ್ರತಿ ಫೈಲ್, ಅದರ ಪ್ರತಿ ಹಳೆಯ ರೂಪ ಇವಕ್ಕೆಲ್ಲ ಒಂದೊಂದು ಪುಟ ಆಗುತ್ತದೆ. ಎಐ ಕಂಪನಿಗಳ ಬಾಟ್‌ಗಳು ಅವನ್ನೆಲ್ಲ ಒಂದೂ ಬಿಡದೆ ತೆರೆಯುತ್ತವೆ. ಒಮ್ಮೆ ಕ್ಲೋನ್ ಮಾಡಿಕೊಂಡರೆ ಎಲ್ಲ ಸಿಗುತ್ತದೆ ಎಂಬ ಕನಿಷ್ಠ ಬುದ್ಧಿಯೂ ಅವಕ್ಕಿಲ್ಲ. ಕರ್ನೆಲ್ ಡಾಟ್ ಆರ್ಗ್, ಗ್ನೋಮ್‌ನಂಥ ದೊಡ್ಡವರೇ 2025ರಲ್ಲಿ ಅನುಬಿಸ್ ಎಂಬ ಕಾವಲು ಹಾಕಿಕೊಳ್ಳಬೇಕಾಯಿತು. ಕ್ಲೋನ್ ಮತ್ತು ಆರ್‌ಸಿಂಕ್ ಕೊಡಿ, ಬ್ರೌಸಿಂಗ್ ಪುಟ ಬಿಡಿ.

ಬಾಟ್‌ಗಳನ್ನು ಬಯ್ಯುವ ನಾವೂ ಕಡಿಮೆ ಏನಲ್ಲ. 2023ರ ಜೂನ್‌ನಲ್ಲಿ ಜಿಎಂಪಿ ಎಂಬ ಗಣಿತದ ಲೈಬ್ರರಿಯ ಸಣ್ಣ ಸರ್ವರ್ ಮೇಲೆ ನೂರಾರು ವಿಳಾಸಗಳಿಂದ ಒಟ್ಟಿಗೆ ಬೇಡಿಕೆ ಬಂತು. ಅವೆಲ್ಲ ಮೈಕ್ರೋಸಾಫ್ಟ್‌ನ ವಿಳಾಸಗಳು. ನೋಡಿದರೆ ದಾಳಿಯಲ್ಲ. ಮೈಕ್ರೋಸಾಫ್ಟ್‌ಗೆ ಸೇರಿದ ಗಿಟ್‌ಹಬ್‌ನಲ್ಲಿದ್ದ ಒಂದು ಬಿಲ್ಡ್ ಯೋಜನೆಯ ಸ್ಕ್ರಿಪ್ಟ್ ಜಿಎಂಪಿಯ ರೆಪೊವನ್ನು ಕ್ಲೋನ್ ಮಾಡುತ್ತಿತ್ತು. ಆ ಯೋಜನೆಯ ಫೋರ್ಕ್‌ಗಳೆಲ್ಲ (ಬೇರೆಯವರು ಮಾಡಿಕೊಂಡ ಪ್ರತಿಗಳು) ಅದನ್ನೇ ಮಾಡುತ್ತಿದ್ದವು. ಬೆಂಗಳೂರಿನ ಎಷ್ಟು ಕಂಪನಿಗಳ ಬಿಲ್ಡ್ ಸರ್ವರ್‌ಗಳು ಪ್ರತಿ ಕಮಿಟ್‌ಗೂ ಹೊರಗಿನಿಂದ ಎಲ್ಲವನ್ನೂ ಹೊಸದಾಗಿ ಇಳಿಸುತ್ತಿಲ್ಲ ಹೇಳಿ? ಅವರಿಗೆ ಬೇರೆಯೇ ಪತ್ರ ಬರೆಯಬೇಕು. ನಿಮಗೆ ಹೇಳುವುದು ಲ್ಯಾಬಿನ ವಿಷಯ. 60 ಮೆಷಿನ್‌ಗಳ ಬ್ಯಾಚ್ ಮಧ್ಯಾಹ್ನದ ಲ್ಯಾಬಿನಲ್ಲಿ ಒಟ್ಟಿಗೆ ಕರ್ನೆಲ್ ಕ್ಲೋನ್ ಮಾಡಲು ಕೂತರೆ ಗಿಗಾಬೈಟ್‌ಗಟ್ಟಲೆ ಡೇಟಾ ಹೊರಗಿನಿಂದ 60 ಸಲ ಬರಬೇಕು. ಕ್ಯಾಂಪಸ್ ಒಳಗೆ ಒಂದು ಪ್ರತಿ ಇದ್ದರೆ ಹೊರಗಿನ ಲೈನಿಗೆ ಭಾರವೇ ಇಲ್ಲ. ನಿಜ ಹೇಳಬೇಕೆಂದರೆ ಮಿರರ್‌ನಿಂದ ನಿಮಗೆ ಆಗುವ ದೊಡ್ಡ ಲಾಭ ಇದೇ. ಊರಿಗೆ ಉಪಕಾರ ಆಮೇಲಿನ ಮಾತು.

ಈಗೆಲ್ಲ ಸಿಡಿಎನ್ (ಕಂಪನಿಯೊಂದು ಊರೂರಲ್ಲಿ ಸರ್ವರ್ ಇಟ್ಟು ಫೈಲ್ ಹಂಚುವ ಸೇವೆ) ಇದೆಯಲ್ಲ, ಸ್ವಯಂಸೇವಕರ ಮಿರರ್ ಯಾಕೆ ಬೇಕು ಎಂದು ಒಬ್ಬ ಪ್ರೊಫೆಸರ್ ಕೇಳಿದರು. ನ್ಯಾಯವಾದ ಪ್ರಶ್ನೆ. ಮುಕ್ತ ತಂತ್ರಾಂಶಗಳ ಅಪಾಚೆ ಸಂಸ್ಥೆ 2021ರಲ್ಲಿ ತನ್ನ ಮಿರರ್ ಜಾಲವನ್ನು ಬಿಟ್ಟು ಸಿಡಿಎನ್‌ಗೆ ಹೋಯಿತು. ಡೆಬಿಯನ್ ಕೂಡ ಎರಡನ್ನೂ ಇಟ್ಟುಕೊಂಡಿದೆ. ಇಳಿಸುವ ವೇಗ ಮಾತ್ರ ಬೇಕಾದವರಿಗೆ ಸಿಡಿಎನ್ ಸಾಕು, ವಾದ ಮಾಡುವುದಿಲ್ಲ. ಆದರೆ ಸೋರ್ಸ್ ಕೋಡ್ ಒಬ್ಬರ ಕೈಯಲ್ಲೇ ಇದ್ದರೆ ಏನಾಗುತ್ತದೆ ಎಂದು ನಾವೇ ನೋಡಿದ್ದೇವೆ. 2014ರ ಕೊನೆಯಲ್ಲಿ ನಮ್ಮ ಸರ್ಕಾರದ ಆದೇಶದಂತೆ 32 ಜಾಲತಾಣಗಳನ್ನು ಮುಚ್ಚಿದಾಗ ಗಿಟ್‌ಹಬ್‌ನ ಗಿಸ್ಟ್, ಇಂಟರ್ನೆಟ್ ಆರ್ಕೈವ್ ಎಲ್ಲ ಆ ಪಟ್ಟಿಯಲ್ಲಿದ್ದವು. ಕೋಡ್ ಇಡಲು ಜಾಗ ಕೊಡುತ್ತಿದ್ದ ಗೂಗಲ್ ಕೋಡ್ 2016ರ ಜನವರಿಯಲ್ಲಿ ಮುಚ್ಚಿತು. ಅಂಥದ್ದೇ ತಾಣ ಬಿಟ್‌ಬಕೆಟ್ 2020ರಲ್ಲಿ ಮರ್ಕ್ಯುರಿಯಲ್ (ಗಿಟ್‌ನಂಥದ್ದೇ ಇನ್ನೊಂದು ಸಾಧನ) ರೆಪೊಗಳನ್ನೆಲ್ಲ ಕೈಬಿಟ್ಟಿತು. 2011ರಲ್ಲಿ ಕರ್ನೆಲ್ ಡಾಟ್ ಆರ್ಗ್‌ಗೆ ಕನ್ನ ಬಿದ್ದು ವಾರಗಟ್ಟಲೆ ಮುಚ್ಚಿದ್ದಾಗ ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೋರ್ವಾಲ್ಡ್ಸ್ ಕರ್ನೆಲ್ ಅನ್ನು ಗಿಟ್‌ಹಬ್‌ಗೆ ಹಾಕಿ ಕೆಲಸ ಮುಂದುವರಿಸಿದರು. ಇತಿಹಾಸ ಸಮೇತ ಪ್ರತಿ ಎಷ್ಟೋ ಜನರ ಬಳಿ ಇದ್ದುದರಿಂದ, ಪ್ರತಿ ಕಮಿಟ್ ತನ್ನ ಹಿಂದಿನದರ ಹ್ಯಾಶ್ ಹೊತ್ತಿರುವುದರಿಂದ, ಯಾರಾದರೂ ಕೋಡ್ ತಿದ್ದಿದ್ದರೆ ಗೊತ್ತಾಗುತ್ತಿತ್ತು. ಬೇರೆ ಬೇರೆ ಜನರ ಬಳಿ, ಬೇರೆ ಬೇರೆ ಊರಲ್ಲಿ ಪ್ರತಿ ಇರಬೇಕು ಎನ್ನುವುದು ಇಂಥ ದಿನಗಳಿಗೆ. ಆ ಪ್ರತಿ ಹೊಸದಾಗಿ, ಪೂರ್ತಿಯಾಗಿ ಇದ್ದರೆ ಮಾತ್ರ ಉಪಯೋಗ.

ಆದ್ದರಿಂದ ಸಣ್ಣದಾಗಿ ಶುರು ಮಾಡಿ. ಟೆರಾಬೈಟ್‌ಗಟ್ಟಲೆ ಇರುವ ಡೆಬಿಯನ್ ಪೂರ್ತಿ ಬೇಡ, ನಿಮ್ಮ ಲ್ಯಾಬಿಗೆ ಬೇಕಾದ ಆರ್ಕಿಟೆಕ್ಚರ್ ಮತ್ತು ಅದರ ಸೋರ್ಸ್ ಸಾಕು. ಸಿಟ್ಯಾನ್ ಆದರೆ ಇನ್ನೂ ಚಿಕ್ಕದು. ಮೊದಲ ಒಂದು ವರ್ಷ ಕ್ಯಾಂಪಸ್ ಒಳಗೆ ಮಾತ್ರ ಇಡಿ, ಅಧಿಕೃತ ಪಟ್ಟಿಗೆ ಅರ್ಜಿ ಹಾಕಬೇಡಿ. ಒಂದು ಪೂರ್ತಿ ಬೇಸಿಗೆ ರಜೆ ಕಳೆದ ಮೇಲೂ ಟ್ರೇಸ್ ಫೈಲಿನ ತಾರೀಖು ಅವತ್ತಿನದ್ದೇ ಇದ್ದರೆ ಆಮೇಲೆ ಹೊರಗಿನವರಿಗೆ ತೆರೆಯಿರಿ. ವಿದ್ಯಾರ್ಥಿಗಳು ನಡೆಸಲಿ, ಅವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ. ಸಾಧ್ಯವಾದರೆ ತಿಂಗಳಿಗೆ ಒಂದಿಷ್ಟು ಸ್ಟೈಪೆಂಡ್ ಕೊಡಿ. ಜವಾಬ್ದಾರಿ ಮಾತ್ರ ಸಿಬ್ಬಂದಿಯದ್ದಾಗಿರಲಿ.

ಮುಚ್ಚುವುದಾದರೂ ನಾಚಿಕೆ ಬೇಡ. ಅಧಿಕೃತ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು ಮೇಲ್ ಹಾಕಿ, ಒಂದು ತಿಂಗಳು ವೆಬ್ ಪುಟದಲ್ಲಿ ನೋಟಿಸ್ ಇಟ್ಟು, ಆಮೇಲೆ ಪ್ಲಗ್ ತೆಗೆಯಿರಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹೇಳದೆ ಕೇಳದೆ ಕೊಳೆಯುತ್ತಾ ಬಿದ್ದಿರುವ ಮಿರರ್‌ಗಳೇ ನಮ್ಮ ತಲೆನೋವು.

ಹಾಗಾಗಿ ಪರ್ಚೇಸ್ ಆರ್ಡರ್ ಹಾಕುವ ಮೊದಲು ಒಂದು ಹಾಳೆಯಲ್ಲಿ ಮೂರು ವಿಷಯ ಬರೆದು ಸಹಿ ಮಾಡಿ. ಮಿರರ್ ನೋಡಿಕೊಳ್ಳುವ ಸಿಬ್ಬಂದಿಯ ಹೆಸರು, ಅವರು ರಜೆಯಲ್ಲಿದ್ದಾಗ ನೋಡುವ ಇನ್ನೊಬ್ಬರ ಹೆಸರು ಸಮೇತ. ಯಾವ ವ್ಯಕ್ತಿಗೂ ಸೇರದ, ಆ ಇಬ್ಬರಿಗೂ ತಲುಪುವ ಒಂದು ಮೇಲ್ ಐಡಿ. 873ನೇ ಪೋರ್ಟ್‌ಗೆ ನೆಟ್‌ವರ್ಕ್ ವಿಭಾಗದ ಒಪ್ಪಿಗೆ. ಈ ಹಾಳೆ ತಯಾರಾದ ಮೇಲೆ ಹೇಳಿ ಕಳಿಸಿ. ಶನಿವಾರ ಬಂದು ಕೂತು ಎಲ್ಲ ಸೆಟಪ್ ಮಾಡಿಕೊಡಲು ನಮ್ಮಂಥವರು ಬೇಕಾದಷ್ಟು ಜನ ಇದ್ದೇವೆ. ಫೀಸು, ಶಾಲು, ಹಾರ ಏನೂ ಬೇಡ. ಕ್ಯಾಂಟೀನಿನಲ್ಲಿ ಒಂದು ಊಟ ಹಾಕಿಸಿದರೆ ಸಾಕು.

ಇಂತಿ ನಿಮ್ಮ,
ಮಿರರ್ ಸರ್ವರ್ ನೋಡಿಕೊಳ್ಳುವ ಒಬ್ಬ ಸ್ವಯಂಸೇವಕ